ಗ್ರೀನ್ ಕಾರ್ಡ್ ಕಾಯುತ್ತಾ ವರ್ಕ್ ಪರ್ಮಿಟ್ ನವೀಕರಿಸುವುದು: ಮಳೆ ಹಿಡಿಯುವ ಮೊದಲೇ ಮದ್ದು

ಈ ಸಲದ ಅಡಿಕೆ ಕೊಯ್ಲಿಗೆಂದು ಶಿರಸಿ ಹತ್ತಿರದ ನಮ್ಮ ಮನೆಗೆ ಬಂದಿದ್ದೇನೆ. ಮೊನ್ನೆ ರಾತ್ರಿ ಒಂಬತ್ತರ ಹೊತ್ತು. ಜಗಲಿಯಲ್ಲಿ ಮೆಟ್ಟುಗತ್ತಿ ಇಟ್ಟುಕೊಂಡು ಅಡಿಕೆ ಸುಲಿಯುತ್ತಾ ಕೂತಿದ್ದೆವು. ಡಲ್ಲಾಸ್‌ನಿಂದ ಹೆಂಡತಿಯ ತಮ್ಮನ ಫೋನ್ ಬಂತು. ಅಲ್ಲಿ ಬೆಳಗ್ಗೆ ಒಂಬತ್ತೂವರೆ.

"ಭಾವಾ, ಕಾರ್ಡು ಬಂಜು. ಆದ್ರೆ ಒಂದೂವರೆ ವರ್ಷಕ್ಕೇ ಕೊಟ್ಟಿದ್ದ. ನನ್ನ ದೋಸ್ತಂಗೆ ಐದು ವರ್ಷದ್ದು ಬಂದಿತ್ತು. ತಪ್ಪಾಗಿ ಪ್ರಿಂಟ್ ಆಜನಾ?"

ವರ್ಕ್ ಪರ್ಮಿಟ್ ಕಾರ್ಡಿನ ಫೋಟೋ ಕಳಿಸಲು ಹೇಳಿದೆ. ತೋಟದ ಕಡೆ ನಾಲ್ಕು ಹೆಜ್ಜೆ ಇಳಿದರೆ ಮಾತ್ರ ನಮ್ಮಲ್ಲಿ ನೆಟ್‌ವರ್ಕ್ ಸಿಗುತ್ತದೆ. ಅಲ್ಲಿ ನಿಂತು ಫೋಟೋ ದೊಡ್ಡದು ಮಾಡಿ ನೋಡಿದೆ. 2025ರ ಡಿಸೆಂಬರ್ 22ರಿಂದ 2027ರ ಜೂನ್ 21. ಪ್ರಿಂಟ್ ಸರಿಯಾಗಿಯೇ ಇತ್ತು. ಬದಲಾಗಿದ್ದು ನಿಯಮ.

ಅವನು ಆಮೇಲೆ ಹೇಳಿದ ಮಾತು ನನಗೆ ಜಾಸ್ತಿ ಹೆದರಿಕೆ ಹುಟ್ಟಿಸಿತು. "ಹೋಗ್ಲಿ ಬಿಡು, ಮುಗಿಯೋ ಹೊತ್ತಿಗೆ ಅರ್ಜಿ ಹಾಕಿದ್ರೆ ರಶೀದಿ ಮೇಲೆ ಕೆಲಸ ಮಾಡ್ಲಕ್ಕು ಅಲ್ದಾ?" ಇಲ್ಲ. ಈಗ ಹಾಗೆ ಮಾಡಲು ಬರುವುದಿಲ್ಲ. ಶಿರಸಿ, ಸಿದ್ದಾಪುರ, ಯಲ್ಲಾಪುರ, ಕುಮಟಾ, ಹೊನ್ನಾವರ, ಕಾರವಾರ, ಎಲ್ಲ ಕಡೆಯಿಂದಲೂ ಅಮೆರಿಕಕ್ಕೆ ಹೋದ ಮಕ್ಕಳಿದ್ದಾರೆ. ಅವರಲ್ಲಿ ಎಷ್ಟೋ ಜನ ಇನ್ನೂ ಹಳೆಯ ಲೆಕ್ಕದಲ್ಲೇ ಇದ್ದಾರೆ. ಅವರಿಗಾಗಿ ಇಷ್ಟು ಉದ್ದ ಬರೆಯುತ್ತಿದ್ದೇನೆ.

ಈ ಮಾರ್ಗದರ್ಶಿ ಯಾರಿಗೆ?

ಅಮೆರಿಕದಲ್ಲಿದ್ದುಕೊಂಡೇ ಗ್ರೀನ್ ಕಾರ್ಡಿಗೆ ಐ-485 ಅರ್ಜಿ ಹಾಕಿದವರಿಗೆ. ಅರ್ಜಿ ಇನ್ನೂ ಇತ್ಯರ್ಥ ಆಗಿರಬಾರದು. ಅಂಥವರಿಗೆ ಸಿಗುವ ವರ್ಕ್ ಪರ್ಮಿಟ್ಟನ್ನು ಇಎಡಿ ಎನ್ನುತ್ತಾರೆ. ಕಾರ್ಡಿನ ಮೇಲೆ ಕೆಟಗರಿ ಎಂದು ಬರೆದ ಕಡೆ ಸಿ-9 ಎಂದಿರುತ್ತದೆ. ನಿಮ್ಮದರಲ್ಲಿ ಸಿ-26 ಎಂದಿದ್ದರೆ ಅದು ಎಚ್-1ಬಿ ವೀಸಾದ ಮೇಲೆ ಕೆಲಸ ಮಾಡುವವರ ಜೊತೆ ಎಚ್-4 ವೀಸಾದಲ್ಲಿರುವ ಗಂಡ ಅಥವಾ ಹೆಂಡತಿಗೆ ಸಿಗುವ ಪರ್ಮಿಟ್. ಅದರ ಶುಲ್ಕ ಬೇರೆ, ದಾಖಲೆ ಬೇರೆ. ಎರಡನ್ನೂ ಕಲಸಿಕೊಳ್ಳಬೇಡಿ.

ಇಷ್ಟು ಸಲ ನವೀಕರಿಸುವ ಪರಿಸ್ಥಿತಿ ಯಾಕೆ ಬಂತು ಎಂದು ಊರಿನ ಹಿರಿಯರು ಕೇಳುತ್ತಾರೆ. ಅಮೆರಿಕ ವರ್ಷಕ್ಕೆ ಕೊಡುವ ಗ್ರೀನ್ ಕಾರ್ಡಿಗೆ ಮಿತಿ ಇದೆ. ಅದರಲ್ಲಿ ಯಾವ ಒಂದು ದೇಶದವರಿಗೂ ಶೇಕಡಾ 7ಕ್ಕಿಂತ ಹೆಚ್ಚು ಕೊಡಬಾರದು ಎಂಬ ಕಾನೂನಿದೆ. ಭಾರತದಿಂದ ಅರ್ಜಿ ಹಾಕಿದವರು ಅದಕ್ಕಿಂತ ಎಷ್ಟೋ ಪಾಲು ಜಾಸ್ತಿ. ಹಾಗಾಗಿ ಸಾಲು ಬೆಳೆಯುತ್ತದೆ. ಯಾವ ದಿನಾಂಕದವರೆಗೆ ಸಾಲಿಗೆ ಸೇರಿದವರ ಸರದಿ ಬಂದಿದೆ ಎಂದು ವೀಸಾ ಬುಲೆಟಿನ್ ಎಂಬ ಪ್ರಕಟಣೆ ಹೇಳುತ್ತದೆ. ಪ್ರತಿ ತಿಂಗಳು ಬರುವ ವೀಸಾ ಬುಲೆಟಿನ್‌ನಲ್ಲಿ ದಿನಾಂಕ ಒಮ್ಮೆ ಮುಂದೆ ಬರುತ್ತದೆ, ಒಮ್ಮೆ ಹಿಂದೆಯೂ ಹೋಗುತ್ತದೆ. 2020ರ ಅಕ್ಟೋಬರ್‌ನಲ್ಲಿ ಹೀಗೇ ದಿನಾಂಕ ದಿಢೀರ್ ಮುಂದೆ ಬಂದಾಗ ಸಾವಿರಾರು ಭಾರತೀಯರು ಐ-485 ಹಾಕಿದರು. ನಾನೂ ಅವರಲ್ಲಿ ಒಬ್ಬ. ನನಗೆ ಗ್ರೀನ್ ಕಾರ್ಡ್ ಸಿಕ್ಕಿದ್ದು ನಾಲ್ಕು ವರ್ಷದ ಮೇಲೆ. ನನ್ನ ಜೊತೆ ಹಾಕಿದ ಕೆಲವರು ಇವತ್ತಿಗೂ ಕಾಯುತ್ತಿದ್ದಾರೆ.

ಬದಲಾದದ್ದು ಏನು?

ಎರಡು ಸಂಗತಿ. ಎರಡೂ 2025ರ ಕೊನೆಯಲ್ಲಿ ಬಂದವು.

ಮೊದಲನೆಯದು ಅಕ್ಟೋಬರ್ 30ರಂದು. ಅದಕ್ಕಿಂತ ಮೊದಲು, ಹಳೆಯ ಕಾರ್ಡ್ ಮುಗಿಯುವುದರೊಳಗೆ ನವೀಕರಣದ ಅರ್ಜಿ ಹಾಕಿದ್ದರೆ ಸಾಕಿತ್ತು. ಕಾರ್ಡಿನ ದಿನಾಂಕ ದಾಟಿದರೂ 540 ದಿನದವರೆಗೆ ತಾನಾಗಿಯೇ ಅವಧಿ ವಿಸ್ತರಣೆ ಸಿಗುತ್ತಿತ್ತು. ಅದಕ್ಕೂ ಹಿಂದೆ ಅದು 180 ದಿನ ಇತ್ತು. ಹಳೆಯ ಕಾರ್ಡು ಮತ್ತು ರಶೀದಿ, ಎರಡನ್ನೂ ಸೇರಿಸಿ ತೋರಿಸಿದರೆ ಕಂಪನಿ ಒಪ್ಪಬೇಕಿತ್ತು. 2025ರ ಅಕ್ಟೋಬರ್ 30 ಅಥವಾ ಆಮೇಲೆ ಹಾಕಿದ ಅರ್ಜಿಗಳಿಗೆ ಈ ಸೌಲಭ್ಯ ಇಲ್ಲ. ಕಾರ್ಡಿನ ಮೇಲೆ ಯಾವ ದಿನ ಇದೆಯೋ ಅದೇ ಕೊನೆ. ಹೊಸ ಕಾರ್ಡ್ ಮಂಜೂರಾಗದೆ ಮರುದಿನ ಕೆಲಸಕ್ಕೆ ಹೋಗುವ ಹಾಗಿಲ್ಲ.

ಎರಡನೆಯದು ಡಿಸೆಂಬರ್ 5ರಂದು. 2023ರ ಸೆಪ್ಟೆಂಬರ್‌ನಿಂದ ಸಿ-9 ಕಾರ್ಡ್ ಐದು ವರ್ಷದವರೆಗೆ ಸಿಗುತ್ತಿತ್ತು. ಈಗ ಗರಿಷ್ಠ 18 ತಿಂಗಳು. ಆ ದಿನ ಬಾಕಿ ಇದ್ದ ಅರ್ಜಿಗೂ ಇದೇ ಲೆಕ್ಕ. ಅದಕ್ಕೇ ದೋಸ್ತನಿಗೆ ಐದು ವರ್ಷ, ನಮ್ಮ ಹುಡುಗನಿಗೆ ಒಂದೂವರೆ. ಮೊದಲೇ ಕೊಟ್ಟ ಐದು ವರ್ಷದ ಕಾರ್ಡು ಅದರ ಮೇಲಿನ ದಿನಾಂಕದವರೆಗೆ ನಡೆಯುತ್ತದೆ.

ಈ ಎರಡೂ ಸೇರಿದಾಗ ಏನಾಗುತ್ತದೆ ನೋಡಿ. ನವೀಕರಣ ಬೇಗ ಬೇಗ ಬರುತ್ತದೆ, ತಡವಾದರೆ ತಡೆದುಕೊಳ್ಳುವ ಬಲೆ ಕೆಳಗಿಲ್ಲ. ನಾನು 2023ರಲ್ಲಿ ಸುಮ್ನೆ ಉದಾಸೀನ ಮಾಡಿ, ಕಾರ್ಡ್ ಮುಗಿಯಲು ಮೂರು ವಾರ ಇದ್ದಾಗ ಅರ್ಜಿ ಕಳಿಸಿದ್ದೆ. ಹೊಸ ಕಾರ್ಡ್ ಬಂದಿದ್ದು ಎಷ್ಟೋ ತಿಂಗಳ ಮೇಲೆ. ಅಷ್ಟೂ ತಿಂಗಳು ಸಂಬಳ ಬಂದಿದ್ದು ಆ ವಿಸ್ತರಣೆಯಿಂದ. ಅದೇ ತಪ್ಪನ್ನು ಇವತ್ತು ಮಾಡಿದ್ದರೆ ಮನೆ ಸಾಲದ ಕಂತು ಕಟ್ಟಲು ಅಪ್ಪನ ಹತ್ತಿರ ಕೈಚಾಚಬೇಕಿತ್ತು.

ನಮ್ಮ ಕಡೆ ಅಡಿಕೆಗೆ ಕೊಳೆ ಔಷಧಿ ಹೊಡೆಯುವುದು ಯಾವಾಗ? ಮಳೆ ಹಿಡಿಯುವ ಮೊದಲು. ಮೈಲುತುತ್ತು, ಸುಣ್ಣ ತಂದಿಟ್ಟು, ಮರ ಹತ್ತುವ ಕೊನೆಗೌಡನಿಗೆ ಮುಂಚೆಯೇ ಹೇಳಿಟ್ಟಿರುತ್ತೇವೆ. ಜಡಿಮಳೆ ಶುರುವಾಗಿ, ಕಾಯಿ ಉದುರಲು ತೊಡಗಿದ ಮೇಲೆ ಮರ ಹತ್ತಿಸಿದರೆ ಫಸಲು ಉಳಿಯುವುದಿಲ್ಲ. ಈ ಕಾರ್ಡಿನ ವಿಷಯದಲ್ಲೂ ಕೆಲಸ ಆ ಲೆಕ್ಕದಲ್ಲೇ ಆಗಬೇಕು.

ಹೆಜ್ಜೆ 1: ದಿನ ಎಣಿಸಿ, ಬರೆದಿಡಿ

ನವೀಕರಣಕ್ಕೆ ಅರ್ಜಿ ಹಾಕಬಹುದಾದ ಅತಿ ಬೇಗದ ದಿನ ಎಂದರೆ ಕಾರ್ಡ್ ಮುಗಿಯುವುದಕ್ಕೆ 180 ದಿನ ಮೊದಲು. ನನ್ನ ಮಾತು ಕೇಳಿ, ಅದೇ ವಾರ ಹಾಕಿ. "ಆರು ತಿಂಗಳು" ಎಂದು ಅಂದಾಜಿನಲ್ಲಿ ಎಣಿಸಬೇಡಿ. ದಿನವನ್ನೇ ಎಣಿಸಿ.

ನಮ್ಮ ಹುಡುಗನ ಕಾರ್ಡು 2027ರ ಜೂನ್ 21ಕ್ಕೆ ಮುಗಿಯುತ್ತದೆ. ಅದರಿಂದ 180 ದಿನ ಹಿಂದೆ ಹೋದರೆ 2026ರ ಡಿಸೆಂಬರ್ 23. ಅಂದರೆ ಕಾರ್ಡ್ ಶುರುವಾದ ದಿನದಿಂದ ಒಂದು ವರ್ಷ, ಒಂದು ದಿನ. "ಬರುವ ವರ್ಷ ಇಲ್ಲಿ ಅಡಿಕೆ ಸುಲಿಯಲು ಕೂರುವಾಗ ನೀನು ಅಲ್ಲಿ ಅರ್ಜಿ ಕಳಿಸಬೇಕು" ಎಂದು ಹೇಳಿದೆ. ಅವನಿಗೆ ಅದು ನೆನಪಿರುತ್ತದೆ ಅನ್ನಿಸಿತು.

ಅಂಚೆಯಲ್ಲಿ ಕಳಿಸುವವರು ಇನ್ನೊಂದು ವಿಷಯ ನೋಡಿಕೊಳ್ಳಬೇಕು. ಲೆಕ್ಕಕ್ಕೆ ಬರುವುದು ನೀವು ಕಳಿಸಿದ ದಿನ ಅಲ್ಲ, ಅವರಿಗೆ ತಲುಪಿದ ದಿನ. 180 ದಿನಕ್ಕಿಂತ ಮೊದಲೇ ತಲುಪಿದರೆ ವಾಪಸ್ ಬರಬಹುದು. ಆ ದಿನ ಅಥವಾ ಅದರ ಮರುದಿನ ತಲುಪುವಂತೆ ಕಳಿಸಿ. ನಡುವೆ ಕ್ರಿಸ್‌ಮಸ್ ರಜೆ ಬಂದರೆ ಅದನ್ನೂ ಎಣಿಕೆಗೆ ಹಿಡಿಯಿರಿ.

ಫೋನಿನಲ್ಲಿ ಮೂರು ನೆನಪೋಲೆ ಇಡಿ. ಕಾರ್ಡ್ ಮುಗಿಯುವುದಕ್ಕೆ ಎಂಟು ತಿಂಗಳು ಮೊದಲು, ದಾಖಲೆ ಕೂಡಿಸಲು. 180ನೇ ದಿನ, ಅರ್ಜಿಗೆ. 90ನೇ ದಿನ, ಕಂಪನಿಯ ಎಚ್‌ಆರ್ ಜೊತೆ ಮಾತಾಡಲು. ಗಂಡ, ಹೆಂಡತಿ, ಮಕ್ಕಳ ಕಾರ್ಡುಗಳ ದಿನಾಂಕ ಬೇರೆ ಬೇರೆ ಇರಬಹುದು. ಪ್ರತಿಯೊಬ್ಬರದೂ ಬೇರೆ ಅರ್ಜಿ, ಬೇರೆ ಲೆಕ್ಕ.

ಹೆಜ್ಜೆ 2: ಕಾಗದ ಪತ್ರ

ನವೀಕರಣಕ್ಕೆ ಬೇಕಾಗುವ ಕಾಗದ ಜಾಸ್ತಿ ಇಲ್ಲ. ಐ-485ರ ರಶೀದಿಯ ಪ್ರತಿ, ಈಗಿನ ಕಾರ್ಡಿನ ಎರಡೂ ಬದಿಯ ಪ್ರತಿ, ಪಾಸ್‌ಪೋರ್ಟಿನ ಫೋಟೋ ಇರುವ ಪುಟ, ಐ-94 (ಅಮೆರಿಕಕ್ಕೆ ಪ್ರವೇಶಿಸಿದ ದಾಖಲೆ), ಎರಡು ಇಂಚು ಚೌಕದ ಎರಡು ಹೊಸ ಫೋಟೋ. ಫೋಟೋದ ಹಿಂದೆ ಪೆನ್ಸಿಲ್‌ನಲ್ಲಿ ಹೆಸರು ಮತ್ತು ಎ-ನಂಬರ್ ಬರೆಯಿರಿ. ಎ-ನಂಬರ್ ಎಂದರೆ ಕಾರ್ಡಿನ ಮೇಲೆ ಇರುವ ಒಂಬತ್ತು ಅಂಕಿ.

ನಮ್ಮ ಜಿಲ್ಲೆಯವರಿಗೆ ತೊಡಕಾಗುವುದು ಹೆಸರು ಮತ್ತು ಹುಟ್ಟಿದ ಊರು. ಶಾಲೆಯ ದಾಖಲೆಯಲ್ಲಿ ಹೆಗಡೆ, ಪಾಸ್‌ಪೋರ್ಟಿನಲ್ಲಿ ಹೆಗ್ಡೆ. ಒಂದು ಕಡೆ ಭಟ್ಟ, ಇನ್ನೊಂದು ಕಡೆ ಭಟ್. ಕರಾವಳಿ ಕಡೆ ನಾಯ್ಕ ಮತ್ತು ನಾಯಕ. ಕೆಲವರ ಪಾಸ್‌ಪೋರ್ಟಿನಲ್ಲಿ ಅಡ್ಡಹೆಸರಿನ ಜಾಗವೇ ಖಾಲಿ. ಹುಟ್ಟಿದ ಊರು ಎಂದು ಒಮ್ಮೆ ಹಳ್ಳಿಯ ಹೆಸರು, ಒಮ್ಮೆ ತಾಲೂಕಿನ ಹೆಸರು ಬರೆದವರಿದ್ದಾರೆ. ನವೀಕರಣದ ಫಾರಂನಲ್ಲಿ ಐ-485ರಲ್ಲಿ ಏನು ಬರೆದಿದ್ದಿರೋ ಅದನ್ನೇ ಅಕ್ಷರ ಅಕ್ಷರಕ್ಕೂ ಬರೆಯಿರಿ. "ಈಗ ಸರಿಯಾದದ್ದು ಬರೆಯೋಣ" ಎಂದು ಇಲ್ಲಿ ತಿದ್ದಲು ಹೋಗಬೇಡಿ. ಐ-485ರಲ್ಲೇ ತಪ್ಪಿದ್ದರೆ ವಕೀಲರ ಮೂಲಕ ಅದನ್ನು ಬೇರೆಯಾಗಿ ತಿದ್ದಿಸಿ.

ಊರಿನಲ್ಲಿ ಮಾಡಿಸಿಡಬೇಕಾದ ಕೆಲಸವೂ ಒಂದಿದೆ. ನವೀಕರಣಕ್ಕೆ ಜನನ ಪ್ರಮಾಣಪತ್ರ ಕೇಳುವುದಿಲ್ಲ. ಆದರೆ ಐ-485 ಇತ್ಯರ್ಥ ಮಾಡುವಾಗ ಅಧಿಕಾರಿ ಕೇಳಬಹುದು. ನಮ್ಮ ತಲೆಮಾರಿನ ಎಷ್ಟೋ ಜನ ಮನೆಯಲ್ಲೇ ಹುಟ್ಟಿದವರು. ಜನನ ನೋಂದಣಿ ಆಗಿಯೇ ಇಲ್ಲ, ಅಥವಾ ಹೆಸರಿಲ್ಲದೆ "ಗಂಡು ಮಗು" ಎಂದಷ್ಟೇ ಇದೆ. ನೋಂದಣಿ ಇಲ್ಲದಿದ್ದರೆ ದಾಖಲೆ ಲಭ್ಯವಿಲ್ಲ ಎಂಬ ಪ್ರಮಾಣಪತ್ರವನ್ನು ನೋಂದಣಿ ಕಚೇರಿಯಿಂದ ತೆಗೆಸಬೇಕು. ಜೊತೆಗೆ ಹುಟ್ಟಿದ್ದನ್ನು ಬಲ್ಲ ಇಬ್ಬರು ಹಿರಿಯರ ಅಫಿಡವಿಟ್ ಮತ್ತು ಶಾಲೆ ಬಿಟ್ಟ ಪ್ರಮಾಣಪತ್ರ ಇಟ್ಟುಕೊಳ್ಳಬೇಕು. ಅಪ್ಪ, ಅಮ್ಮ, ದೊಡ್ಡಪ್ಪ, ಅತ್ತೆ, ಇವರೆಲ್ಲ ಗಟ್ಟಿಯಾಗಿರುವಾಗಲೇ ಈ ಅಫಿಡವಿಟ್ ಮಾಡಿಸಿ. ನನ್ನ ಹುಟ್ಟನ್ನು ಕಂಡಿದ್ದ ಅಜ್ಜಿ ಸಹಿ ಹಾಕಿದ ಕಾಗದ ಇವತ್ತೂ ನನ್ನ ಹತ್ತಿರ ಇದೆ. ಅವಳು ಈಗ ಇಲ್ಲ.

ಹೆಜ್ಜೆ 3: ಫಾರಂ ಐ-765 (ವರ್ಕ್ ಪರ್ಮಿಟ್ಟಿನ ಅರ್ಜಿ)

ಫಾರಂ ಅನ್ನು ಅರ್ಜಿ ಕಳಿಸುವ ವಾರವೇ ಅಮೆರಿಕದ ವಲಸೆ ಇಲಾಖೆಯಾದ ಯುಎಸ್‌ಸಿಐಎಸ್ ಜಾಲತಾಣದಿಂದ ಇಳಿಸಿಕೊಳ್ಳಿ. ಪ್ರತಿ ಪುಟದ ಕೆಳಗೆ ಆವೃತ್ತಿಯ ದಿನಾಂಕ ಇರುತ್ತದೆ. ಎಲ್ಲ ಪುಟಗಳೂ ಒಂದೇ ಆವೃತ್ತಿಯವಾಗಿರಬೇಕು. ಹಳೆಯ ಆವೃತ್ತಿಯಾದರೆ ಇಡೀ ಕಟ್ಟು ವಾಪಸ್. ನನ್ನ ಪರಿಚಯದವರೊಬ್ಬರಿಗೆ ವಕೀಲರ ಕಚೇರಿಯಿಂದಲೇ ಹಳೆಯ ಫಾರಂ ಬಂದಿತ್ತು. ವಾಪಸ್ ಬಂದು, ಮತ್ತೆ ಕಳಿಸುವಷ್ಟರಲ್ಲಿ ಐದು ವಾರ ಹೋಯಿತು. ವಕೀಲರಿದ್ದರೂ ನೀವೇ ಒಮ್ಮೆ ನೋಡಿ.

ಫಾರಂನ ಶುರುವಿನಲ್ಲಿ ಮೂರು ಆಯ್ಕೆ ಇವೆ. ಹೊಸದು, ಕಳೆದುಹೋದದ್ದಕ್ಕೆ ಬದಲಿ, ನವೀಕರಣ. ನಿಮ್ಮದು ಮೂರನೆಯದು. ಕೆಟಗರಿ ಕೇಳಿದ ಕಡೆ ಸಿ ಮತ್ತು 9 ಬರೆಯಿರಿ. ವಿಳಾಸದಲ್ಲಿ ಅಪಾರ್ಟ್‌ಮೆಂಟ್ ಸಂಖ್ಯೆ ಬಿಡಬೇಡಿ. ಕೊನೆಗೆ ಸಹಿ. ಟೈಪ್ ಮಾಡಿದ ಹೆಸರು, ರಬ್ಬರ್ ಸ್ಟ್ಯಾಂಪ್ ನಡೆಯುವುದಿಲ್ಲ. ಶಾಯಿಯಲ್ಲಿ ಸಹಿ ಹಾಕಿ. ಸಹಿ ಮರೆತರೆ ಅರ್ಜಿಯೇ ಅಲ್ಲ, ತಿರುಗಿ ಬರುತ್ತದೆ.

ಕಾಗದದಲ್ಲಿ ಕಳಿಸುವ ವಿಳಾಸ ನೀವಿರುವ ರಾಜ್ಯದ ಮೇಲೆ ಹೋಗುತ್ತದೆ. ಸರ್ಕಾರಿ ಅಂಚೆಗೆ ಒಂದು ವಿಳಾಸ, ಖಾಸಗಿ ಕೊರಿಯರ್‌ಗೆ ಇನ್ನೊಂದು. ಹಳೆಯ ಸಲದ ವಿಳಾಸವನ್ನು ನಕಲು ಮಾಡಬೇಡಿ. ಟ್ರ್ಯಾಕಿಂಗ್ ಇಲ್ಲದೆ ಕಳಿಸಲೇಬೇಡಿ. ಕಟ್ಟಿನ ಮೇಲೆ ಜಿ-1145 ಎಂಬ ಒಂದು ಪುಟದ ಫಾರಂ ಇಟ್ಟರೆ ಅರ್ಜಿ ಸ್ವೀಕಾರವಾದ ಕೂಡಲೇ ಫೋನಿಗೆ ಸಂದೇಶ ಬರುತ್ತದೆ. ಅದಕ್ಕೆ ದುಡ್ಡಿಲ್ಲ.

ಹೆಜ್ಜೆ 4: ಶುಲ್ಕ

ಇಲ್ಲಿ ಒಂದು ದಿನಾಂಕ ನೆನಪಿಡಿ: 2024ರ ಏಪ್ರಿಲ್ 1. ಅದಕ್ಕಿಂತ ಮೊದಲು ಶುಲ್ಕ ಕಟ್ಟಿ ಐ-485 ಹಾಕಿದವರು, ಅದು ಬಾಕಿ ಇರುವವರೆಗೆ, ಐ-765 ನವೀಕರಣಕ್ಕೆ ಏನೂ ಕಟ್ಟಬೇಕಾಗಿಲ್ಲ. ರಶೀದಿಯ ಪ್ರತಿ ಇಟ್ಟರೆ ಸಾಕು. 2020ರ ಗುಂಪಿನವರೆಲ್ಲ ಇದರಲ್ಲಿ ಬರುತ್ತಾರೆ. ಆ ದಿನ ಅಥವಾ ಆಮೇಲೆ ಹಾಕಿದವರಿಗೆ 260 ಡಾಲರ್. ಶುಲ್ಕ ಆಗಾಗ ಬದಲಾಗುವುದರಿಂದ ಕಳಿಸುವ ದಿನ ಬೆಳಗ್ಗೆ ಶುಲ್ಕದ ಪಟ್ಟಿಯನ್ನು ಮತ್ತೊಮ್ಮೆ ತೆರೆದು ನೋಡಿ. ಒಂದು ಡಾಲರ್ ಹೆಚ್ಚುಕಮ್ಮಿ ಆದರೂ ವಾಪಸ್ ಬರುತ್ತದೆ.

ಚೆಕ್, ಮನಿ ಆರ್ಡರ್ ಕಾಲ ಮುಗಿಯಿತು. 2025ರ ಅಕ್ಟೋಬರ್ 28ರಿಂದ ಕಾಗದದ ಅರ್ಜಿಗೂ ಕಾರ್ಡಿನಿಂದ ಅಥವಾ ಅಮೆರಿಕದ ಬ್ಯಾಂಕ್ ಖಾತೆಯಿಂದ ನೇರವಾಗಿ ಕಟ್ಟಬೇಕು. ಕಾರ್ಡಿಗೆ ಜಿ-1450, ಬ್ಯಾಂಕ್ ಖಾತೆಗೆ ಜಿ-1650 ಫಾರಂ. ನಾಲ್ಕು ಜನರ ಅರ್ಜಿ ಒಂದೇ ಲಕೋಟೆಯಲ್ಲಿ ಹೋದರೂ ಒಂದೊಂದಕ್ಕೂ ಬೇರೆ ಬೇರೆ ಪಾವತಿ ಫಾರಂ ಇಡಿ. ಖಾತೆಯಲ್ಲಿ ದುಡ್ಡಿದೆಯಾ, ಕಾರ್ಡಿನ ಮಿತಿ ಸಾಕಾಗುತ್ತದೆಯಾ ಎಂದೂ ನೋಡಿ. ಪಾವತಿ ತಿರಸ್ಕಾರವಾದರೆ ಅರ್ಜಿಯೂ ಅದರ ಜೊತೆ ಹೋಗುತ್ತದೆ.

ಹೆಜ್ಜೆ 5: ರಶೀದಿ ಬಂದ ಮೇಲೆ

ಐ-797ಸಿ ಎಂಬ ರಶೀದಿ ಅಂಚೆಯಲ್ಲಿ ಬರುತ್ತದೆ. ಮೂರು ಅಕ್ಷರ, ಹತ್ತು ಅಂಕಿಯ ಸಂಖ್ಯೆ ಅದರಲ್ಲಿದೆ. ಹೆಸರು, ಹುಟ್ಟಿದ ದಿನ, ಕೆಟಗರಿ ಸರಿ ಇದೆಯಾ ನೋಡಿ. ಈ ರಶೀದಿ ಕೆಲಸ ಮಾಡಲು ಪರವಾನಗಿ ಅಲ್ಲ ಎನ್ನುವುದನ್ನು ಮತ್ತೊಮ್ಮೆ ಹೇಳುತ್ತೇನೆ, ಯಾಕೆಂದರೆ ಹಳಬರು ಇದರಲ್ಲೇ ಎಡವುತ್ತಾರೆ.

ಬೆರಳಚ್ಚಿಗೆ ಕರೆದರೆ ತಪ್ಪದೆ ಹೋಗಿ. ಆ ದಿನ ಆಗುವುದಿಲ್ಲ ಎಂದಾದರೆ ಮೊದಲೇ ಆನ್‌ಲೈನ್‌ನಲ್ಲಿ ದಿನ ಬದಲಿಸಿಕೊಳ್ಳಿ. ಹೇಳದೆ ತಪ್ಪಿಸಿದರೆ ಅರ್ಜಿ ಕೈಬಿಟ್ಟಿದ್ದೀರಿ ಎಂದು ಲೆಕ್ಕ. ಹೆಚ್ಚಿನ ದಾಖಲೆ ಕೇಳಿ ಪತ್ರ ಬಂದರೆ, ಕೇಳಿದ್ದನ್ನೆಲ್ಲ ಒಂದೇ ಸಲ, ಕೊಟ್ಟ ಗಡುವಿನೊಳಗೆ ಕಳಿಸಿ. ಸ್ವಲ್ಪ ಈಗ, ಉಳಿದದ್ದು ಆಮೇಲೆ ಎಂದು ಮಾಡಲು ಬರುವುದಿಲ್ಲ.

ಮನೆ ಬದಲಿಸಿದರೆ 10 ದಿನದೊಳಗೆ ಎಆರ್-11 ಎಂಬ ವಿಳಾಸ ಬದಲಾವಣೆಯ ಫಾರಂ ಮೂಲಕ ತಿಳಿಸಬೇಕು. ಇದು ಕಾನೂನು. ಅಂಚೆ ಕಚೇರಿಗೆ ಹೇಳಿದ ಮಾತ್ರಕ್ಕೆ ಸಾಕಾಗುವುದಿಲ್ಲ. 2023ರಲ್ಲಿ ನಾವು ಬಾಡಿಗೆ ಮನೆಯಿಂದ ಸ್ವಂತ ಮನೆಗೆ ಹೋದೆವು. ನಾನು ಐ-485ಕ್ಕೆ ಹೊಸ ವಿಳಾಸ ಕೊಟ್ಟೆ, ಐ-765ಕ್ಕೆ ಕೊಡುವುದು ಮರೆತೆ. ಕಾರ್ಡು ಹಳೆಯ ಮನೆಗೆ ಹೋಯಿತು. ಅಲ್ಲಿ ಹೊಸದಾಗಿ ಬಂದಿದ್ದ ಹೆಂಗಸು ಅದನ್ನು ಅಡುಗೆಮನೆಯ ಕಿಟಕಿ ಹತ್ತಿರ ಎತ್ತಿಟ್ಟಿದ್ದರು. ಎರಡು ವಾರ ಸ್ಥಿತಿ ನೋಡಿ ನೋಡಿ ಸಾಕಾಗಿ ನಾನೇ ಹೋಗಿ ಬಾಗಿಲು ತಟ್ಟಿದೆ. ಲಕೋಟೆಯ ಮೇಲೆ ಎಣ್ಣೆಯ ಕಲೆ ಆಗಿತ್ತು. ಒಳಗಿನ ಕಾರ್ಡು ಚೆನ್ನಾಗಿತ್ತು. ಅವರು ಅದನ್ನು ಕಸಕ್ಕೆ ಹಾಕಿದ್ದರೆ ಮತ್ತೆ ಅರ್ಜಿ, ಮತ್ತೆ ತಿಂಗಳುಗಟ್ಟಲೆ ಕಾಯುವುದು. ಬಾಕಿ ಇರುವ ಪ್ರತಿಯೊಂದು ರಶೀದಿ ಸಂಖ್ಯೆಗೂ ವಿಳಾಸ ಬದಲಾಯಿತೇ ಎಂದು ಒಂದೊಂದಾಗಿ ನೋಡಿ. ಅಂಚೆಪೆಟ್ಟಿಗೆಯ ಮೇಲೆ ಮನೆಯವರೆಲ್ಲರ ಹೆಸರು ಅಂಟಿಸಿ.

ಎಚ್-1ಬಿ ಉಳಿಸಿಕೊಳ್ಳಿ

ಇದು ಹೆಜ್ಜೆ ಅಲ್ಲ, ನನ್ನ ಗಟ್ಟಿ ಅಭಿಪ್ರಾಯ. ಇಎಡಿ ಕೈಗೆ ಬಂದ ಕೂಡಲೇ ಕೆಲವರು ಎಚ್-1ಬಿ ಎಂಬ ಕೆಲಸದ ವೀಸಾ ಬಿಟ್ಟುಬಿಡುತ್ತಾರೆ. ಕಂಪನಿಗೂ ಖರ್ಚು ಕಡಿಮೆ ಅಲ್ವಾ, ಅವರೂ ಒತ್ತಾಯ ಮಾಡುತ್ತಾರೆ. ಒಪ್ಪಬೇಡಿ. ಗ್ರೀನ್ ಕಾರ್ಡಿಗಾಗಿ ಕಂಪನಿ ಹಾಕುವ ಐ-140 ಅರ್ಜಿ ಮಂಜೂರಾಗಿ, ದಿನಾಂಕ ಬರದೆ ಕಾಯುತ್ತಿರುವವರಿಗೆ ಆರು ವರ್ಷದ ಮೇಲೂ ಎಚ್-1ಬಿ ಮೂರು ಮೂರು ವರ್ಷ ಮುಂದುವರಿಯುತ್ತದೆ. ಎಚ್-1ಬಿ ಮೇಲೆ ಕೆಲಸ ಮಾಡುತ್ತಿರುವವರಿಗೆ ಇಎಡಿ ತಡವಾದರೂ ಸಂಬಳ ನಿಲ್ಲುವುದಿಲ್ಲ. ಐ-485 ಏನಾದರೂ ತಿರಸ್ಕಾರವಾದರೆ ನಿಲ್ಲಲು ನೆಲ ಇರುತ್ತದೆ. ಇಎಡಿ ತೋರಿಸಿ ಬೇರೆ ಕಂಪನಿಗೆ ಸೇರಿದರೆ ಆ ನೆಲ ಹೋಗುತ್ತದೆ.

ಕೆಲಸ ಬದಲಿಸಲೇಬೇಕಾದರೆ ಐ-485 ಹಾಕಿ 180 ದಿನ ಆಗಿರಬೇಕು, ಹೊಸ ಕೆಲಸ ಹಳೆಯದರ ಹಾಗೇ ಇರಬೇಕು, ಹೊಸ ಕೆಲಸವನ್ನು ಖಚಿತಪಡಿಸುವ ಸಪ್ಲಿಮೆಂಟ್ ಜೆ ಎಂಬ ಫಾರಂ ಹಾಕಬೇಕು. ಇದನ್ನು ವಕೀಲರನ್ನು ಕೇಳದೆ ಮಾಡಬೇಡಿ.

ಹೆಜ್ಜೆ 6: ಕಾರ್ಡ್ ಬರದೆ ದಿನ ಹತ್ತಿರ ಬಂದರೆ

90 ದಿನ ಇರುವಾಗಲೇ ಎಚ್‌ಆರ್‌ಗೆ ಬರೆದು ತಿಳಿಸಿ. ಅವರಲ್ಲೂ ಕೆಲವರಿಗೆ 540 ದಿನದ ಹಳೆಯ ನಿಯಮವೇ ತಲೆಯಲ್ಲಿದೆ. ಸಂಬಳವಿಲ್ಲದ ರಜೆ ಕೊಡುತ್ತಾರಾ, ಆರೋಗ್ಯ ವಿಮೆ ಮುಂದುವರಿಯುತ್ತದಾ ಎಂದು ಕೇಳಿ. ರಜೆ ಕೊಡಲೇಬೇಕು ಎಂಬ ನಿಯಮ ಇಲ್ಲ. ಅದಕ್ಕೇ ಮುಂಚೆಯೇ ಮಾತಾಡಬೇಕು. ಮೂರು ನಾಲ್ಕು ತಿಂಗಳ ಖರ್ಚು ಪಕ್ಕಕ್ಕಿಡಿ.

ಬೇಗ ಇತ್ಯರ್ಥ ಮಾಡಿ ಎಂದು ವಿನಂತಿ ಸಲ್ಲಿಸಬಹುದು. ತೀವ್ರ ಆರ್ಥಿಕ ನಷ್ಟ ಅದಕ್ಕೆ ಒಂದು ಕಾರಣ. ಸುಮ್ನೆ "ಕಷ್ಟ ಆಗುತ್ತದೆ" ಎಂದರೆ ನಡೆಯುವುದಿಲ್ಲ. ಮನೆ ಸಾಲದ ಪತ್ರ, ಆಸ್ಪತ್ರೆ ಬಿಲ್ಲು, ಕೆಲಸ ಹೋಗುತ್ತದೆ ಎಂದು ಕಂಪನಿ ಕೊಟ್ಟ ಪತ್ರ, ಇಂಥವು ಬೇಕು. ಕೊಡುವುದು ಬಿಡುವುದು ಅಧಿಕಾರಿಗಳ ಕೈಯಲ್ಲಿದೆ. ಇನ್ನೊಂದು ದಾರಿ ನಿಮ್ಮ ಕ್ಷೇತ್ರದ ಕಾಂಗ್ರೆಸ್ (ಅಮೆರಿಕದ ಸಂಸತ್ತು) ಸದಸ್ಯರ ಕಚೇರಿ. ನೀವು ಅಲ್ಲಿ ಮತದಾರರಲ್ಲದಿದ್ದರೂ ಅವರು ವಿಚಾರಿಸಿ ಕೊಡುತ್ತಾರೆ. ಒಂದು ಒಪ್ಪಿಗೆ ಪತ್ರಕ್ಕೆ ಸಹಿ ಹಾಕಿ ಕೊಡಬೇಕು ಅಷ್ಟೇ.

ಅಷ್ಟಾದರೂ ಬರಲಿಲ್ಲ, ದಿನ ದಾಟಿತು ಎಂದಿಟ್ಟುಕೊಳ್ಳಿ. ಗಾಬರಿಯಾಗಬೇಡಿ. ಐ-485 ಬಾಕಿ ಇರುವವರೆಗೆ ನೀವು ದೇಶದಲ್ಲಿ ಉಳಿಯಬಹುದು. ಕಾರ್ಡ್ ಮುಗಿದರೆ ನಿಲ್ಲುವುದು ಕೆಲಸ ಮಾತ್ರ. ಆದರೆ ಪೂರ್ತಿ ನಿಲ್ಲಿಸಿ. "ಮನೆಯಿಂದ ಒಂದೆರಡು ಮೇಲ್‌ಗೆ ಉತ್ತರ ಬರೆದು ಕೊಡು" ಎಂದು ಮ್ಯಾನೇಜರ್ ಕೇಳಿದರೂ ಲ್ಯಾಪ್‌ಟಾಪ್ ತೆರೆಯಬೇಡಿ. ಉದ್ಯೋಗದ ಮೂಲಕ ಅರ್ಜಿ ಹಾಕಿದವರಿಗೆ 180 ದಿನದವರೆಗಿನ ಲೋಪವನ್ನು ಮನ್ನಿಸುವ 245-ಕೆ ಎಂಬ ಕಲಂ ಇದೆ ಎಂದು ಯಾರಾದರೂ ಹೇಳುತ್ತಾರೆ. ಇದೆ, ನಿಜ. ಅದು ಗೊತ್ತಿಲ್ಲದೆ ಆದ ಹಳೆಯ ತಪ್ಪಿಗೆ ಉಳಿಸಿಕೊಳ್ಳಬೇಕಾದದ್ದು. ಬೇಕೆಂದೇ ಅದನ್ನು ಖರ್ಚು ಮಾಡಬೇಡಿ.

ಊರಿಗೆ ಬರುವ ವಿಷಯ

ಇದು ಎಲ್ಲಕ್ಕಿಂತ ಸಂಕಟದ ಭಾಗ. ಅಮ್ಮನಿಗೆ ಹುಷಾರಿಲ್ಲ ಎಂದು ರಾತ್ರಿ ಫೋನ್ ಬಂದರೆ ಯಾರೂ ನಿಯಮ ಓದುತ್ತಾ ಕೂರುವುದಿಲ್ಲ. ಹಾಗಾಗಿ ಈಗಲೇ ಓದಿ. ಐ-485 ಬಾಕಿ ಇರುವಾಗ ಅಡ್ವಾನ್ಸ್ ಪರೋಲ್ (ಹೊರಗೆ ಹೋಗಿ ವಾಪಸ್ ಬರಲು ಮುಂಚೆಯೇ ಪಡೆಯುವ ಅನುಮತಿ) ಇಲ್ಲದೆ ದೇಶ ಬಿಟ್ಟರೆ ಗ್ರೀನ್ ಕಾರ್ಡಿನ ಅರ್ಜಿಯನ್ನೇ ಕೈಬಿಟ್ಟಂತೆ. ಎಚ್-1ಬಿ, ಎಲ್-1 (ಕಂಪನಿಯೊಳಗಿನ ವರ್ಗಾವಣೆಯ ವೀಸಾ) ಇರುವವರಿಗೆ ಮತ್ತು ಅವರ ಅವಲಂಬಿತರಿಗೆ ವಿನಾಯಿತಿ ಇದೆ. ಅವರ ಸ್ಥಾನಮಾನ ಚಾಲ್ತಿಯಲ್ಲಿರಬೇಕು, ಸರಿಯಾದ ವೀಸಾದಲ್ಲಿ ವಾಪಸ್ ಹೋಗಬೇಕು. ವೀಸಾ ಸ್ಟ್ಯಾಂಪ್ ಮುಗಿದಿದ್ದರೆ ಚೆನ್ನೈ ಅಥವಾ ಹೈದರಾಬಾದಿನಲ್ಲಿ ದಿನ ಸಿಗುವವರೆಗೆ ಊರಿನಲ್ಲೇ ಸಿಕ್ಕಿಬೀಳುವ ಭಯ ಇರುತ್ತದೆ.

ಆದ್ದರಿಂದ ಕೆಲಸದ ಕಾರ್ಡ್ ನವೀಕರಿಸುವಾಗಲೇ ಐ-131 ಫಾರಂ ಹಾಕಿ ಅಡ್ವಾನ್ಸ್ ಪರೋಲನ್ನೂ ನವೀಕರಿಸಿ. 2024ರ ಏಪ್ರಿಲ್ 1ಕ್ಕಿಂತ ಮೊದಲು ಐ-485 ಹಾಕಿದವರಿಗೆ ಅದಕ್ಕೂ ಶುಲ್ಕ ಇಲ್ಲ. ಉಳಿದವರಿಗೆ 630 ಡಾಲರ್. ದುಬಾರಿ ಅನ್ನಿಸಬಹುದು. ನನ್ನ ಅಪ್ಪನಿಗೆ ಹೃದಯದ ತೊಂದರೆ ಆದಾಗ ಆ ಕಾಗದ ನನ್ನ ಚೀಲದಲ್ಲಿತ್ತು. ಮೂರನೆಯ ದಿನ ಬೆಳಗ್ಗೆ ಗೋವಾದಲ್ಲಿ ಇಳಿದು, ಕಾರವಾರ, ಅಂಕೋಲಾ ದಾಟಿ, ದೇವಿಮನೆ ಘಾಟಿ ಹತ್ತಿ ಮಧ್ಯಾಹ್ನದ ಊಟದ ಹೊತ್ತಿಗೆ ಶಿರಸಿ ಮುಟ್ಟಿದ್ದೆ. ಕಾಗದ ಇಲ್ಲದವರು ತುರ್ತು ಇದ್ದರೆ ವಲಸೆ ಇಲಾಖೆಯ ಹತ್ತಿರದ ಫೀಲ್ಡ್ ಆಫೀಸಿಗೆ ವೈದ್ಯರ ಪತ್ರ ಸಮೇತ ಹೋಗಿ ತುರ್ತು ಪರೋಲ್ ಕೇಳಬಹುದು. ವೈದ್ಯರ ಪತ್ರ ಇಂಗ್ಲಿಷಿನಲ್ಲಿರಲಿ, ಆಸ್ಪತ್ರೆಯ ಮುದ್ರೆ ಇರಲಿ. ಇದನ್ನು ಊರಿನಲ್ಲಿರುವ ತಂಗಿಗೋ ಭಾವನಿಗೋ ಮೊದಲೇ ಹೇಳಿಡಿ. ಇನ್ನೊಂದು: ಐ-131 ಬಾಕಿ ಇರುವಾಗ, ಕೈಯಲ್ಲಿ ಚಾಲ್ತಿ ಪರೋಲ್ ಇಲ್ಲದೆ ಹೊರಟರೆ ಆ ಅರ್ಜಿಯೂ ಸಾಮಾನ್ಯವಾಗಿ ತಿರಸ್ಕಾರವಾಗುತ್ತದೆ.

ಹೆಜ್ಜೆ 7: ಕಾರ್ಡ್ ಬಂದ ದಿನ

ಲಕೋಟೆ ಒಡೆದು ಹೆಸರು, ಹುಟ್ಟಿದ ದಿನ, ಕೆಟಗರಿ, ಎರಡೂ ದಿನಾಂಕ ಓದಿ. ತಪ್ಪು ಅವರ ಕಡೆಯಿಂದ ಆಗಿದ್ದರೆ ಶುಲ್ಕವಿಲ್ಲದೆ ಸರಿ ಮಾಡಿಕೊಡುತ್ತಾರೆ. ಎರಡೂ ಬದಿ ಸ್ಕ್ಯಾನ್ ಮಾಡಿ. ಎಚ್‌ಆರ್‌ಗೆ ತೋರಿಸಿ ಐ-9 ದಾಖಲೆ (ನಿಮಗೆ ಕೆಲಸ ಮಾಡಲು ಅನುಮತಿ ಇದೆ ಎಂದು ಕಂಪನಿ ಇಡುವ ಕಾಗದ) ಸರಿಪಡಿಸಿಕೊಳ್ಳಿ. ಡ್ರೈವಿಂಗ್ ಲೈಸೆನ್ಸಿನ ಅವಧಿ ಎಷ್ಟೋ ರಾಜ್ಯಗಳಲ್ಲಿ ಈ ಕಾರ್ಡಿನ ಜೊತೆ ಕಟ್ಟಿಕೊಂಡಿರುತ್ತದೆ. ಅದನ್ನೂ ಆ ವಾರವೇ ಮುಗಿಸಿ. ಮುಂದಿನ 180ನೇ ದಿನವನ್ನು ಕ್ಯಾಲೆಂಡರ್‌ನಲ್ಲಿ ಗುರುತು ಹಾಕಿದ ಮೇಲೆಯೇ ಕಾರ್ಡನ್ನು ಪರ್ಸಿಗೆ ಇಡಿ.

ಊರಿನಲ್ಲಿರುವ ಅಪ್ಪ ಅಮ್ಮನಿಗೆ

"ನಿಮ್ಮ ಮಗನ ಪರ್ಮಿಟ್ ಮುಗಿದಿದೆ, ಈಗಲೇ ದುಡ್ಡು ಕಳಿಸದಿದ್ದರೆ ಜೈಲಿಗೆ ಹಾಕುತ್ತಾರೆ" ಎಂದು ಫೋನ್ ಬಂದರೆ ನಂಬಬೇಡಿ. ಅಲ್ಲಿನ ವಲಸೆ ಇಲಾಖೆ ಫೋನಿನಲ್ಲಿ ದುಡ್ಡು ಕೇಳುವುದಿಲ್ಲ, ಗಿಫ್ಟ್ ಕಾರ್ಡ್ ಕೇಳುವುದಿಲ್ಲ. ಕಾರ್ಡ್ ಬೇಗ ಮಾಡಿಸಿಕೊಡುತ್ತೇನೆ ಎನ್ನುವ ಏಜೆಂಟರ ಕೈಯಲ್ಲಿ ಏನೂ ಇಲ್ಲ. ಮಗನಿಗೋ ಮಗಳಿಗೋ ಫೋನ್ ಮಾಡಿ ಕೇಳಿ. ಅವರು ನಿದ್ದೆಯಲ್ಲಿದ್ದರೂ ಎಬ್ಬಿಸಿ.

ಪೊಲೀಸ್ ಕೇಸು ಆಗಿದ್ದವರು, ವೀಸಾ ಅವಧಿ ಮೀರಿ ಇದ್ದವರು, ಐ-485ಕ್ಕೆ ನೋಟಿಸ್ ಬಂದವರು ಇದನ್ನು ಓದಿ ತಾವೇ ಅರ್ಜಿ ತುಂಬಲು ಹೋಗಬೇಡಿ. ನಾನು ವಕೀಲನಲ್ಲ. ಎರಡು ಸಲ ನನ್ನದನ್ನೂ, ಹತ್ತಾರು ಸಲ ಪರಿಚಯದವರದ್ದನ್ನೂ ತುಂಬಿದ ಅನುಭವ ಮಾತ್ರ ನನ್ನದು.

ಹೆಂಡತಿಯ ತಮ್ಮ ನಿನ್ನೆ ಮತ್ತೆ ಫೋನ್ ಮಾಡಿದ್ದ. ಫ್ರಿಜ್ಜಿನ ಮೇಲೆ ಅಂಟಿಸಿದ ಒಂದು ಚೀಟಿಯ ಫೋಟೋ ಕಳಿಸಿದ. "2026 ಡಿಸೆಂಬರ್ 23" ಎಂದು ದಪ್ಪ ಅಕ್ಷರದಲ್ಲಿ ಬರೆದಿದ್ದ. ಕೆಳಗೆ ಅವನ ಹೆಂಡತಿಯ ಕಾರ್ಡಿನ ದಿನಾಂಕ. ಅದು ಅವನದಕ್ಕಿಂತ ಹನ್ನೊಂದು ದಿನ ಮೊದಲು ಬರುತ್ತದೆ ಎನ್ನುವುದು ಎಣಿಸಿದ ಮೇಲೇ ಗೊತ್ತಾಯಿತಂತೆ.